ಟ್ಯಾಂಕು ತುಂಬುವ ತನಕ

ಮಾರ್ಚ್ 4, ಮಂಗಳವಾರ

ಕಣ್ಣಿನ ಪೊರೆ ತೆಗೆಸಿಕೊಂಡು ಮಗಳ ಮನೆಗೆ ಬಂದು ಕೂತಿದ್ದೇನೆ. ಕಪ್ಪು ಕನ್ನಡಕ ಹಾಕಿಕೊಂಡು ದಿನಚರಿ ಬರೆಯುವುದೆಂದರೆ ಕತ್ತಲೆಯಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಆದರೆ ಬರೆಯದಿದ್ದರೆ ಮಾತಾಡುವುದು ಯಾರ ಹತ್ತಿರ? ಬಸ್ಸಿನ ಕಂಡಕ್ಟರಾಗಿ ದಿನಕ್ಕೆ ಸಾವಿರ ಜನರ ಜೊತೆ ಬಾಯಿ ಬಡಿದುಕೊಂಡವನು ನಾನು. ಇಲ್ಲಿ ನೋಡಿದರೆ ಮಗಳು ಬೆಳಿಗ್ಗೆಯೇ ಶಾಲೆಗೆ ಹೋಗುತ್ತಾಳೆ, ಮಕ್ಕಳಿಗೆ ಲೆಕ್ಕ ಹೇಳಿಕೊಡಲು. ಅಳಿಯಂದಿರು ಮುಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುತ್ತಾರೆ. ಹಲ್ಲಿನ ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ಇವರು ಹಲ್ಲು ಜೋಡಿಸಿ ವಾಪಸ್ಸು ಕಳಿಸುತ್ತಾರೆ. ದಿನವೆಲ್ಲ ಊರಿನವರ ಬಾಯಿ ತಯಾರು ಮಾಡುವ ಮನುಷ್ಯ ತಮ್ಮ ಬಾಯಿ ಮಾತ್ರ ತೆರೆಯುವುದಿಲ್ಲ. "ಊಟ ಆಯ್ತಾ ಮಾವ?" "ಆಯ್ತು." ಅಲ್ಲಿಗೆ ಆ ದಿನದ ಮಾತುಕತೆ ಮುಗಿದ ಹಾಗೆ.

ಡಾಕ್ಟರ ಅಪ್ಪಣೆಗಳು: ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ತಾಗಬಾರದು. ಉಸಿರಾಡಲು ಅನುಮತಿ ಇದೆ.

ಇವರ ಮನೆಯಲ್ಲಿ ಎಲ್ಲವೂ ಅಚ್ಚುಕಟ್ಟು, ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕ್ ಒಂದನ್ನು ಬಿಟ್ಟು. ಒಬ್ಬರು ಹೋಗಿ ಬಂದರೆ ಅದು ಮತ್ತೆ ತುಂಬುವಷ್ಟರಲ್ಲಿ ಬಿಸಿ ಕಾಫಿ ತಣ್ಣಗಾಗುತ್ತದೆ. ಒಳಗೆ ಸೊಳ್ಳೆ ಹೊಕ್ಕ ಹಾಗೆ "ಜುಯ್" ಎಂದು ಒಂದೇ ಸಮ ಸದ್ದು. ಹನಿ ಹನಿ ಕೂಡಿದರೆ ಹಳ್ಳ ಎಂದು ಗಾದೆ ಕಟ್ಟಿದವರು ಈ ಬಾಗಿಲ ಮುಂದೆ ಕಾದು ನೋಡಿದವರಲ್ಲ. ಮೊದಲು ಇಬ್ಬರೇ ಇದ್ದಾಗ ಹೇಗೋ ನಡೆಯುತ್ತಿತ್ತಂತೆ, ಈಗ ನಾನೊಬ್ಬ ಸೇರಿ ಬೆಳಿಗ್ಗೆ ಕ್ಯೂ ಆಗುತ್ತದೆ. ಇವತ್ತು ಮಗಳು ಬಕೆಟ್ ಹಿಡಿದುಕೊಂಡು ನಿಂತು, "ಅಪ್ಪಾ, ಸ್ಕೂಲಲ್ಲಿ ಬೆಲ್ ಹೊಡೀತಾರೆ, ಇಲ್ಲಿ ಇದು ಇನ್ನೂ ಅರ್ಧಾನೂ ತುಂಬಿಲ್ಲ!" ಎಂದು ಕೂಗಿದಳು. ನನ್ನಿಂದಾದ ತೊಂದರೆ ಎಂದು ನಾನೇ ತಿಳಿದುಕೊಂಡೆ.

ಸಂಜೆ ಊಟಕ್ಕೆ ಕೂತಾಗ ಆ ಹಳೇ ಮಾತು ಮತ್ತೆ ಬಂತು. ನನ್ನ ಬಾಡಿಗೆ ಕೋಣೆಯ ಮನೆಯೊಡತಿ ಫೋನು ಮಾಡಿದ್ದರು. ತಿಂಗಳ ಕೊನೆಯೊಳಗೆ ಬರುತ್ತೀನೋ ಇಲ್ಲವೋ ಹೇಳಬೇಕಂತೆ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತಾರಂತೆ. ಬರುತ್ತೇನೆ, ಮತ್ತೇನು!

ಮಗಳು ಅಂದಳು, "ನೀನು ಇಲ್ಲೇ ಇರು ಅಂತ ನಾನು ಬಲವಂತ ಮಾಡ್ತಿಲ್ಲ ಅಪ್ಪ. ಹೋಗ್ಬೇಡ ಅಂತ ಹೇಳ್ತಿದ್ದೀನಿ, ಅಷ್ಟೆ."

"ಅಳಿಯ ಅಲ್ಲ, ಮಗಳ ಗಂಡ!" ಎಂದೆ ನಾನು.

ತಟ್ಟೆ ನೋಡುತ್ತಿದ್ದ ಅಳಿಯಂದಿರು ತಲೆ ಎತ್ತಿ, "ನನ್ನ ಕರೆದ್ರಾ ಮಾವ?" ಎಂದರು.

ಮಗಳು ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು, ಆದರೂ ಮಾತು ಬಿಡಲಿಲ್ಲ. ಮರ್ಯಾದೆ ಇರುವಾಗಲೇ ನೆಂಟನಾದವನು ಮೇಲೇಳಬೇಕು. "ಸುಮ್ನೆ ಕೂತು ತಿಂದು ಹೋದ ಅನ್ನಿಸ್ಕೊಳಲ್ಲ ನಾನು. ನಿಮ್ಮ ಆ ಟ್ಯಾಂಕ್ ಸರಿಮಾಡಿ ಕೊಡ್ತೀನಿ. ಅದು ಸರಿಯಾದ ಮಾರನೇ ದಿನ ಬಸ್ಸು ಹತ್ತೋದೇ," ಎಂದು ಮೇಜು ಕುಟ್ಟಿ ಹೇಳಿಬಿಟ್ಟೆ.

ಮಾರ್ಚ್ 6, ಗುರುವಾರ

ಇವತ್ತು ಕಾರ್ಯಾಚರಣೆ ಆರಂಭ. ಮುಚ್ಚಳ ಎತ್ತಲಿಲ್ಲ, ಪಕ್ಕಕ್ಕೆ ಜರುಗಿಸಿದೆ. ಡಾಕ್ಟರ ಮಾತು ಮೀರಿದ ಹಾಗಾಗಬಾರದಲ್ಲ. ಒಳಗೆ ನೋಡಿದರೆ ಅಂಥ ರಹಸ್ಯವೇನೂ ಇಲ್ಲ. ಒಂದು ಪ್ಲಾಸ್ಟಿಕ್ ಚೆಂಡು, ಅದಕ್ಕೊಂದು ಕಡ್ಡಿ, ಕಡ್ಡಿಯ ತುದಿಗೆ ನೀರು ಬಿಡುವ ಕವಾಟ. ನೀರು ಏರಿದರೆ ಚೆಂಡು ಏರುತ್ತದೆ, ಚೆಂಡು ಏರಿದರೆ ನೀರು ನಿಲ್ಲುತ್ತದೆ. ಇದನ್ನೇ ಬಾಲ್ ಕಾಕ್ ಎನ್ನುವುದು. ಚೆಂಡನ್ನು ಕೈಯಲ್ಲಿ ಅದುಮಿ ಹಿಡಿದೆ. ನೀರಿನ ಎಳೆ ದಪ್ಪವಾಗಲಿಲ್ಲ. ಹಾಗಾದರೆ ಗಂಟಲಲ್ಲೇ ಏನೋ ಸಿಕ್ಕಿದೆ ಎಂದುಕೊಂಡು ಕವಾಟದ ತಲೆ ತಿರುಗಿಸಿ ಬಿಚ್ಚಿದೆ.

ನೀರು ನಿಲ್ಲಿಸಿ ಬಿಚ್ಚಬೇಕು ಎಂದು ನನಗೆ ಯಾರು ಹೇಳಿದ್ದರು? ಚಾವಣಿಗೆ ಹಾರಿತು ನೀರು! ನಾನು "ಹೋಲ್ಡಾನ್! ಹೋಲ್ಡಾನ್!" ಎಂದು ಕಿರುಚಿದೆನಂತೆ. ಅಳಿಯಂದಿರು ಕೈಯಲ್ಲಿ ಮೇಲಿನ ಹಲ್ಲಿನ ಸೆಟ್ಟು ಹಿಡಿದುಕೊಂಡೇ ಓಡಿ ಬಂದು, ನೆಲಕ್ಕೆ ಮಂಡಿಯೂರಿ, ಕಮೋಡಿನ ಹಿಂದೆ ಕೈ ಹಾಕಿ ಕೆಳಗಿನ ನಲ್ಲಿ ತಿರುಗಿಸಿದರು. ನೀರು ನಿಂತಿತು. ಆ ನಲ್ಲಿಯ ಹೆಸರು ಆಂಗಲ್ ಕಾಕ್ ಅಂತೆ. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದೆವು. "ಕಣ್ಣು?" ಎಂದರು. ಕಪ್ಪು ಕನ್ನಡಕ ಇದ್ದದ್ದರಿಂದ ಬಚಾವು. ಅವರು ನಗಲಿಲ್ಲ, ಬೈಯಲೂ ಇಲ್ಲ. ನೆಲ ಒರೆಸಿ, ಕವಾಟದ ತಲೆ ಮತ್ತೆ ಕೂರಿಸಿ, ಆಂಗಲ್ ಕಾಕ್ ತೆರೆದು, ಹಲ್ಲಿನ ಸೆಟ್ಟು ತೊಳೆದುಕೊಂಡು ಹೋದರು.

ಬೈಯುವ ಕೆಲಸ ಸಂಜೆ ಮಗಳು ಮಾಡಿದಳು. ಎರಡೂ ಪಾಳಿಯದ್ದು ಸೇರಿಸಿ.

ಮಾರ್ಚ್ 7, ಶುಕ್ರವಾರ

ಟಾಯ್ಲೆಟ್ಟಿಗೆ ಪ್ರವೇಶ ಸ್ವಂತ ಕೆಲಸಕ್ಕೆ ಮಾತ್ರ.

ಮಾರ್ಚ್ 9, ಭಾನುವಾರ

ಬೀದಿ ತುದಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ. ಯಜಮಾನಿ ಒಬ್ಬಾಕೆ, ಮೊಳೆ ಡಬ್ಬಗಳ ನಡುವೆ ಕೂತು ಹೊಲಿಗೆ ಹಾಕುತ್ತಿರುತ್ತಾರೆ. ನಾನು ಟ್ಯಾಂಕಿನ ಕಥೆ ಬಸ್ಸಿನ ಕಾಲದಿಂದ ಶುರು ಮಾಡಿದೆ. ಅರ್ಧದಲ್ಲೇ ತಡೆದು, "ಮೊದ್ಲು ಆಂಗಲ್ ಕಾಕ್ ಪೂರ್ತಿ ತೆರೆದಿದೆಯಾ ನೋಡಿ. ತೆರೆದಿದ್ರೆ ಬಾಲ್ ಕಾಕ್ ಬಾಯಲ್ಲಿ ಒಂದು ಜಾಲರಿ ಇರತ್ತೆ, ಅದನ್ನ ತೆಗೆದು ತೊಳೀರಿ. ನೀರು ನಿಲ್ಸಿ ಬಿಚ್ಚಿ ಆಯ್ತಾ?" ಎಂದರು. ಕೊನೇ ಮಾತು ಹೇಳುವಾಗ ಯಾಕೆ ನಕ್ಕರೋ. ಮಗಳು ಊರಿಗೆಲ್ಲ ಸಾರಿರಬೇಕು.

ನಾನು ಬಗ್ಗುವ ಹಾಗಿಲ್ಲ. ಅಳಿಯಂದಿರನ್ನು ಕೇಳಿದೆ. ನೋಡಿ, "ಪೂರ್ತಿ ತೆರೆದಿದೆ ಮಾವ," ಎಂದರು. ಆಮೇಲೆ ತಾವೇ ಮುಚ್ಚಿದರು, ನಾನು ಮೇಲಿಂದ ಬಾಲ್ ಕಾಕ್ ಬಿಚ್ಚಿಸಿದೆ. ಬಿಚ್ಚಿಸಿದೆ ಎಂದರೆ, ಅವರು ಬಿಚ್ಚಿದರು, ನಾನು "ರೈಟ್, ರೈಟ್" ಎಂದೆ. ಜಾಲರಿ ಹೊರಬಂತು. ಹೆಬ್ಬೆರಳ ಉಗುರಿನಷ್ಟಿದೆ, ಅದರ ತುಂಬ ಮರಳು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಅಳಿಯಂದಿರು ಹಲ್ಲಿನ ಸಂದಿ ಕೆರೆಯುವ ಸಣ್ಣ ಕೊಕ್ಕೆ ತಂದು ಒಂದೊಂದೇ ಕಣ ಕಿತ್ತರು. ಆ ಪುಟ್ಟ ದುಂಡು ಕನ್ನಡಿ ಹಾಕಿ ಕವಾಟದ ಒಳಗೂ ನೋಡಿದರು. ಹಲ್ಲಿನ ಡಾಕ್ಟರ ಹಾಗೆ ನಾನು "ಬಾಯಿ ತೆಗೀರಿ" ಎಂದೆ, ಟ್ಯಾಂಕಿಗೆ. ಅಳಿಯಂದಿರ ಮೀಸೆ ಅಲ್ಲಾಡಿತು. ನಕ್ಕರೆಂದೇ ನನ್ನ ಲೆಕ್ಕ.

ಮತ್ತೆ ಜೋಡಿಸಿ ನೀರು ಬಿಟ್ಟರೆ ಧೋ ಎಂದು ಸುರಿಯಿತು! ನೋಡನೋಡುತ್ತಿದ್ದಂತೆ ಟ್ಯಾಂಕು ತುಂಬಿತು. ಮಗಳು ಚಪ್ಪಾಳೆ ತಟ್ಟಿದಳು. ನಾನು ಎದೆಯುಬ್ಬಿಸಿ, "ಇನ್ನೇನು, ನಾಡಿದ್ದು ಹೊರಟೆ," ಎಂದೆ.

ಚಪ್ಪಾಳೆ ನಿಂತಿತು. ಇಷ್ಟು ದೊಡ್ಡ ಕೆಲಸ ಮಾಡಿಕೊಟ್ಟರೂ ಯಾರಿಗೂ ಸಂತೋಷವಿಲ್ಲ. ಬ್ಯಾಗು ಕಟ್ಟೋಣವೆಂದರೆ ಜಿಪ್ಪು ಸಿಕ್ಕಿಕೊಂಡಿತು. ಬಿಟ್ಟೆ, ನಾಳೆ ನೋಡಿದರಾಯಿತು.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ "ಜುಯ್". ಅದೇ ಸೊಳ್ಳೆ, ಅದೇ ರಾಗ. ಮಗಳು ಬಕೆಟ್ ಹಿಡಿದು ಕೂಗಾಡಿದಳು, ನಾನು ವಾಪಸ್ಸು ಕೂಗಾಡಿದೆ, ಅವಳು ಮೊಸರು ಡಬ್ಬಿ ಮರೆತು ಓಡಿದಳು, ನಾನು ಗೇಟಿನವರೆಗೆ ಹಿಂದೆ ಓಡಿ ಕೊಟ್ಟು ಬಂದೆ. ಕೊಟ್ಟ ಮಾತು ಮಾತೇ, ಸರಿಹೋಗದೆ ಹೊರಡುವ ಹಾಗಿಲ್ಲ. ಯಾಕೋ ಇವತ್ತು ಊಟ ಚೆನ್ನಾಗಿ ಸೇರಿತು.

ಮಾರ್ಚ್ 13, ಗುರುವಾರ

ಅಂಗಡಿಯಾಕೆ ಹೇಳಿದ ಪ್ರಕಾರ ವಾಷರ್ ಬದಲಿಸಿದೆವು. ಒಂದು ಗುಂಡಿಯಷ್ಟಿರುವ ರಬ್ಬರು, ಅದು ಗಟ್ಟಿಯಾಗಿ ಸೀಳಿತ್ತು. ಅಳಿಯಂದಿರು ಹೊಸದನ್ನು ಕೂರಿಸುವಾಗ ಉಸಿರು ಬಿಗಿ ಹಿಡಿದಿದ್ದರು, ಯಾರಿಗೋ ಮುಂದಿನ ಹಲ್ಲು ಇಡುತ್ತಿದ್ದೇನೆ ಎನ್ನುವ ಹಾಗೆ. ನೀರು ಧೋ. ಮಗಳಿಗೆ ಹೇಳಿದೆ, "ಶನಿವಾರದ ಬಸ್ಸು." ಅವಳು "ಹೂಂ" ಎಂದಳು, ಹೊರಗೆ ಹೋಗಿ ಒಣಗಿದ ಬಟ್ಟೆಯನ್ನೇ ಮತ್ತೆ ಝಾಡಿಸಿ ತಂತಿಗೆ ಹಾಕಿದಳು.

ಮಾರ್ಚ್ 14, ಶುಕ್ರವಾರ

ಜುಯ್.

ಮಾರ್ಚ್ 16, ಭಾನುವಾರ

ಇವತ್ತು ಬಾಲ್ ಕಾಕನ್ನೇ ಪೂರ್ತಿ ಕಿತ್ತು ಹೊಸದು ಹಾಕಿದೆವು. ರೋಗಿಗೆ ಹೃದಯವನ್ನೇ ಬದಲಿಸಿದ ಮೇಲೆ ಇನ್ನೇನು ಉಳಿಯಿತು! ಕೆಲಸ ಬಹಳ ಹೊತ್ತು ಹಿಡಿಯಿತು, ಹಳೇ ನಟ್ಟು ಟ್ಯಾಂಕಿಗೆ ಅಂಟಿಕೊಂಡಿತ್ತು. ಅಳಿಯ ಸ್ಪ್ಯಾನರ್ ಹಿಡಿದು ಕೆಳಗೆ, ನಾನು ಟಾರ್ಚು ಹಿಡಿದು ಮೇಲೆ. ಸುಮ್ಮನಿರಲಾಗದೆ ನನ್ನ ಬಸ್ಸಿನ ಒಂದು ಕಥೆ ಹೇಳಿದೆ. ಒಬ್ಬ ಅಜ್ಜಿ ಟಿಕೆಟ್ ಕೇಳಿದರೆ ದಿನಾ "ನಾನು ಇಳಿಯೋಳಲ್ಲ, ಸುಮ್ನೆ ಕೂರೋಳು" ಎನ್ನುತ್ತಿದ್ದಳು. ಅಳಿಯನ ಕೈಯಿಂದ ನಟ್ಟು ಜಾರಿ ಕಮೋಡಿಗೆ ಬಿತ್ತು, ಅಷ್ಟು ನಗು.

ಆಮೇಲೆ ಆಶ್ಚರ್ಯ ನೋಡು, ಅವರೇ ಒಂದು ಕಥೆ ಹೇಳಿದರು. ಒಬ್ಬಾಕೆಗೆ ಸೆಟ್ಟು ಮಾಡಿಕೊಟ್ಟರಂತೆ. ಮುತ್ತು ಪೋಣಿಸಿದ ಹಾಗೆ ಸಾಲಾದ ಹಲ್ಲು. ಆಕೆ ಕನ್ನಡಿ ನೋಡಿಕೊಂಡು ಅತ್ತುಬಿಟ್ಟಳಂತೆ.

"ಯಾಕಂತೆ?"

"ಅವರಿಗೆ ಮೊದ್ಲು ಮುಂದಿನ ಎರಡು ಹಲ್ಲಿನ ನಡುವೆ ಸಂದು ಇತ್ತಂತೆ ಮಾವ. 'ಇದು ಯಾರದೋ ಬಾಯಿ, ನನ್ನ ಸಂದು ನನಗೆ ಕೊಡಿ' ಅಂದ್ರಂತೆ. ಮತ್ತೆ ಎಲ್ಲಾ ಬಿಚ್ಚಿ ಸಂದು ಇಟ್ಟು ಮಾಡಿದೆ."

"ಸಂದು ಮಾಡೋದು ಕಷ್ಟವಾ?"

"ಹಲ್ಲು ಇಡೋದು ಸುಲಭ. ಖಾಲಿ ಬಿಡೋದೇ ಕಷ್ಟ."

ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವ ಜಾತಿ ಅಲ್ಲ ಇದು, ಕಾರಣ ಸಿಗದೆ ಬಾಯಿ ಮುಚ್ಚಿಕೊಂಡಿರುವ ಜಾತಿ. ನನ್ನ ಮನೆಯವಳು ಇದ್ದಿದ್ದರೆ ಆ ಹಲ್ಲಿನ ಕಥೆಯನ್ನು ಹತ್ತು ಮನೆಗೆ ಹೇಳಿ ಬರುತ್ತಿದ್ದಳು. ಹೋದ ವರ್ಷ ಹೋದಳು ಅವಳು. ಇವತ್ತು ಯಾಕೆ ಬರೆದೆನೋ ಇದನ್ನು.

ನೀರು ಧೋ ಎಂದಿತು. ಹೊರಡುವ ದಿನ ಹೇಳಬೇಕೆಂದಿದ್ದೆ, ಬಾಯಿಗೆ ಬರುವಷ್ಟರಲ್ಲಿ ಮಗಳು ಅಡುಗೆಮನೆಯಿಂದ ಏನೋ ಹಾಡಿಕೊಂಡು ಕಾಫಿ ತಂದಳು. ಕುಡಿದೆವು. ಮರೆತೆ.

ಮಾರ್ಚ್ 17, ಸೋಮವಾರ

ಜುಯ್! ಅಂಗಡಿಯಾಕೆಗೆ ಹೋಗಿ ಹೇಳಿದರೆ ಹೊಲಿಗೆ ಕೆಳಗಿಟ್ಟು, "ಸಾಧ್ಯಾನೇ ಇಲ್ಲ. ಹೊಸ ಬಾಲ್ ಕಾಕು ಒಂದೇ ದಿನಕ್ಕೆ ಹಾಗಾಗಲ್ಲ. ಆಂಗಲ್ ಕಾಕ್ ನೀವೇ ಕಣ್ಣಾರೆ ನೋಡಿದ್ರಾ?" ಎಂದರು.

"ನಮ್ಮ ಅಳಿಯ ನೋಡಿದ್ದಾನಲ್ಲ," ಎಂದೆ. ದಿನಾ ನೋಡುತ್ತಾನೆ, ಪಾಪ. ಮಂಡಿಯೂರಿ, ಕೈ ಹಾಕಿ, "ಪೂರ್ತಿ ಇದೆ ಮಾವ" ಎನ್ನುತ್ತಾನೆ. ಅವನಿಗೇನು ನೋಡಲು ಬರುವುದಿಲ್ಲವೇ?

ಮಾರ್ಚ್ 20, ಗುರುವಾರ

ಕಣ್ಣಿನ ಡಾಕ್ಟರು ಕಪ್ಪು ಕನ್ನಡಕ ತೆಗೆಸಿದರು. "ಎಲ್ಲಾ ಚೆನ್ನಾಗಿದೆ, ಇನ್ಮೇಲೆ ಬಗ್ಗಬಹುದು," ಎಂದರು. ಲೋಕಕ್ಕೆ ಯಾರೋ ಸುಣ್ಣ ಹೊಡೆಸಿದ ಹಾಗೆ ಕಾಣುತ್ತಿದೆ. ಮಗಳ ತಲೆಯಲ್ಲಿ ಬಿಳಿ ಕೂದಲು ಕಂಡು ಗಾಬರಿಯಾಯಿತು, ನನ್ನ ಮಗಳಿಗೆ! ಹೇಳಿದ್ದಕ್ಕೆ, "ಕಣ್ಣು ಬಂದ ಕೂಡ್ಲೇ ಇದೇ ಕಾಣ್ಸಿದ್ದಾ ನಿಂಗೆ?" ಎಂದು ಬೈದಳು.

ಬಗ್ಗಬಹುದು ನಿಜ. ಹಾಗೆಂದು ಡಾಕ್ಟರು ಹೇಳಿದ ದಿನವೇ ಬಗ್ಗಬೇಕೆಂದು ಕಾನೂನೇನಿಲ್ಲ. ಸ್ವಲ್ಪ ದಿನ ತಾಳೋಣ. ಕಣ್ಣು ದೊಡ್ಡದು, ಟ್ಯಾಂಕು ದೊಡ್ಡದಲ್ಲ.

ಮನೆಯೊಡತಿ ಮತ್ತೆ ಫೋನು ಮಾಡಿದರು. ಟ್ಯಾಂಕ್ ಒಂದು ಸರಿಮಾಡಿಕೊಟ್ಟು ಬರುತ್ತೇನೆ ಎಂದೆ. "ಇನ್ನೂ ಅದೇ ಟ್ಯಾಂಕಾ? ಇಷ್ಟೊತ್ತಿಗೆ ನಾನು ಬಾವಿ ತೋಡಿಸ್ತಿದ್ದೆ," ಎಂದರು. ಒರಟು ಹೆಂಗಸು.

ಮಾರ್ಚ್ 24, ಸೋಮವಾರ

ಸಿಟ್ಟಿನಲ್ಲಿ ಒತ್ತಿ ಬರೆದು ಒಂದು ಹಾಳೆ ಹರಿಯಿತು.

ಮಧ್ಯಾಹ್ನ ಕೈ ತೊಳೆಯುವಾಗ ಸೋಪು ಜಾರಿ ಕಮೋಡಿನ ಹಿಂದೆ ಹೋಯಿತು. ಬಗ್ಗಿದೆ. ಸೋಪಿನ ಪಕ್ಕದಲ್ಲೇ ಆಂಗಲ್ ಕಾಕ್. ಪೂರ್ತಿ ಅಲ್ಲ, ಅರ್ಧವೂ ಅಲ್ಲ, ಮುಚ್ಚಲು ಒಂದು ಕೂದಲು ಬಾಕಿ! ಕೈ ಹಾಕಿ ತಿರುಗಿಸಿದೆ, ಧೋ ಎಂದಿತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೇನೆ ನಾನು. ಜಾಲರಿ ತೊಳೆದೆವು, ವಾಷರ್ ಬದಲಿಸಿದೆವು, ಬಾಲ್ ಕಾಕೇ ಬದಲಿಸಿದೆವು, ಪ್ರತಿ ಸಲವೂ ಸರಿಯೇ ಆಗಿತ್ತು. ಪ್ರತಿ ಸಲವೂ ಯಾರೋ ಕೆಳಗೆ ಕೂತು ನಲ್ಲಿ ಮುಚ್ಚಿದ್ದಾರೆ.

ಯಾರು, ಯಾಕೆ? ಕೂತು ಯೋಚಿಸಿದಷ್ಟೂ ಒಂದೇ ಉತ್ತರ ಹೊಳೆಯುತ್ತಿದೆ. ಮುದುಕ ಸುಮ್ಮನಿದ್ದರೆ ತಲೆ ತಿನ್ನುತ್ತಾನೆ, ಕೈಗೊಂದು ಆಟದ ಸಾಮಾನು ಕೊಡೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದಾರೆ. ಮಗುವಿಗೆ ಬೀಗದ ಕೈ ಕೊಟ್ಟು ಆಡಿಸುತ್ತಾರಲ್ಲ, ಹಾಗೆ. ನಾನು ಎದೆಯುಬ್ಬಿಸಿ ನಿಂತಾಗೆಲ್ಲ ಒಳಗೊಳಗೇ ನಕ್ಕಿರಬೇಕು. ಬಸ್ಸಿನಲ್ಲಿ ಕುಡುಕರು ಬೈದರೂ ನನಗೆ ಇಷ್ಟು ನೋವಾಗಿರಲಿಲ್ಲ.

ಸಾಕು. ಮಾತೂ ಬೇಡ, ಟ್ಯಾಂಕೂ ಬೇಡ. ಬ್ಯಾಗು ಮೇಲಿನ ಕಪಾಟಿಗೆ ಹೋಗಿ ಕೂತಿತ್ತು, ಇಳಿಸಿದೆ. ಜಿಪ್ಪಿಗೆ ಮೇಣ ಉಜ್ಜಿದೆ, ಬಂತು. ಬಟ್ಟೆ ತುಂಬಿದೆ. ನಾಳೆ ಅವರಲ್ಲಿ ಯಾರು ಮಾಡಿದ್ದೆಂದು ಹಿಡಿದು, ಮುಖಕ್ಕೆ ಹೇಳಿ, ಹೋಗುವುದೇ.

ಮಾರ್ಚ್ 25, ಮಂಗಳವಾರ

ಬೆಳಿಗ್ಗೆ ಟ್ಯಾಂಕು ಸರಿಯಾಗಿಯೇ ಇತ್ತು. ಮಗಳು ಹೊತ್ತಿಗೆ ಸರಿಯಾಗಿ ಹೊರಟಳು, ಅವಸರದಲ್ಲಿ ಅವಳಿಗೆ ಗೊತ್ತೂ ಆಗಲಿಲ್ಲ. ಹಾಗಾದರೆ ಅವಳಲ್ಲ. ಅವಳಾಗಿದ್ದರೆ ತನಗೇ ತೊಂದರೆ ತಂದುಕೊಳ್ಳುವುದು ಯಾಕೆ, ಇಷ್ಟು ದಿನ ಬಕೆಟ್ ಹಿಡಿದು ಗೋಳಾಡಿದವಳೇ ಅವಳು. ನಾನು ಪೇಪರ್ ಹಿಡಿದು ಹೊರಗಿನ ಕುರ್ಚಿಯಲ್ಲಿ ಕೂತೆ. ಬ್ಯಾಗು ಬಾಗಿಲ ಹತ್ತಿರ ಇಟ್ಟಿದ್ದೆ.

ಅಳಿಯ ಬಂದ. ಕೈತುಂಬ ಹಲ್ಲಿನ ಅಚ್ಚಿನ ಬಿಳಿ ಪ್ಲಾಸ್ಟರು. ಬ್ಯಾಗು ನೋಡಿ ನಿಂತ. "ಕೈ ತೊಳ್ಕೊಂಡು ಬರ್ತೀನಿ ಮಾವ," ಎಂದು ಒಳಗೆ ಹೋದ. ಫ್ಲಶ್ ಎಳೆದ ಸದ್ದು. ಆಮೇಲೆ ಧೋ. ನಂತರ ಆ ಧೋ ಇಳಿಯುತ್ತಾ ಇಳಿಯುತ್ತಾ ಜುಯ್ ಆಯಿತು. ಬಸ್ಸು ಗೇರು ಬದಲಿಸಿದರೆ ನಿದ್ದೆಯಲ್ಲೂ ತಿಳಿಯುವ ಕಿವಿ ನನ್ನದು. ಎದ್ದು ಹೋಗಿ ಅರೆ ತೆರೆದ ಬಾಗಿಲು ನೂಕಿದೆ.

ಕಮೋಡಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಕೈ ಆಂಗಲ್ ಕಾಕಿನ ಮೇಲೆ.

"ಏನೋ ಮಾಡ್ತಿದ್ದೀಯ?" ಎಂದು ಗುಡುಗಿದೆ.

ಬೆಚ್ಚಿ ಎದ್ದು ಟ್ಯಾಂಕಿಗೆ ತಲೆ ಹೊಡೆಸಿಕೊಂಡ. ತಲೆ ಉಜ್ಜಿಕೊಳ್ಳುತ್ತಾ ನನ್ನ ಮುಖ ನೋಡಿದ, ಏನೋ ಹೊಳೆದವನ ಹಾಗೆ ಸ್ವಲ್ಪ ನಕ್ಕ. ಬೈಯುವಾಗ ನಗುತ್ತಾನಲ್ಲ ಎಂದು ನನಗೆ ಇನ್ನೂ ರೇಗಿತು. ಅವನನ್ನು ಮೊದಲ ಸಲ ಏಕವಚನದಲ್ಲಿ ಕೂಗಿದ್ದೆನೆಂದು ಹೊಳೆದದ್ದು ಆಮೇಲೆ.

"ನಗು ಬೇರೆ! ಇಷ್ಟು ದಿನ ನನ್ನ ಕುಣಿಸಿದ್ದು ಸಾಲ್ದಾ? ಮುದುಕನಿಗೆ ಹೊತ್ತು ಹೋಗ್ಲಿ ಅಂತ ಆಟ ಕಟ್ಟಿದ್ಯಾ?"

"ಅಯ್ಯೋ ಇಲ್ಲ ಮಾವ." ಮುಖ ಪೂರಾ ಬಿಳಿಚಿತು. "ಇದು ಸರಿಯಾದ ಮಾರನೇ ದಿನ ಹೊರಡ್ತೀನಿ ಅಂದಿದ್ರಿ ನೀವು."

"ಅಂದಿದ್ದೆ. ಅದಕ್ಕೆ?"

"ಅದಕ್ಕೇ."

ಅಷ್ಟೇ ಹೇಳಿ ನಿಲ್ಲಿಸಿದ. ನಾನು ಕಾದೆ. ಈ ಮನುಷ್ಯನಿಂದ ಮಾತು ಬರಬೇಕಾದರೆ ಕಾಯಬೇಕು, ಅದೂ ತುಂಬುವುದು ನಿಧಾನ. ಅವನು ಗೋಡೆಗೆ ಒರಗಿ ನೆಲದ ಮೇಲೇ ಕೂತ. ನಾನು ಹೊಸ್ತಿಲ ಮೇಲೆ ಕೂತೆ.

"ಅತ್ತೆ ಹೋದ್ಮೇಲೆ ನಿಮ್ಮ ಮಗಳು ಮನೇಲಿ ಮಾತೇ ಬಿಟ್ಟುಬಿಟ್ಲು ಮಾವ. ಸ್ಕೂಲಿಂದ ಬರೋದು, ಕರೆಕ್ಷನ್ ಮಾಡೋದು, ಮಲಗೋದು. ನನಗೋ ಮಾತು ಎಲ್ಲಿಂದ ಶುರು ಮಾಡ್ಬೇಕು ಅನ್ನೋದೇ ಗೊತ್ತಾಗಲ್ಲ. ಊಟಕ್ಕೆ ಕೂತ್ರೆ ಎರಡು ತಟ್ಟೆ ಸದ್ದು ಅಷ್ಟೆ, ಒಂದು ವರ್ಷ. ನೀವು ಬಂದ್ರಿ. ಬೆಳಿಗ್ಗೆ ಎದ್ರೆ ಬಾಗಿಲ ಮುಂದೆ ಅಪ್ಪ ಮಗಳ ಜಗಳ, ಸಾಯಂಕಾಲ ಬಂದ್ರೆ ಆ ಜಗಳ ಹೇಳ್ಕೊಂಡು ನಗು. ಮೊನ್ನೆ ಅಡುಗೆಮನೇಲಿ ಹಾಡಿದ್ಲು. ನೀವು ಕೇಳಿದ್ರೋ ಇಲ್ವೋ, ನಾನು ಕೆಲಸ ನಿಲ್ಲಿಸಿ ಕೇಳಿದೆ." ಬೆರಳಿಗಂಟಿದ ಪ್ಲಾಸ್ಟರು ಕೆರೆಯುತ್ತಾ, "ನನಗೂ ಬೇಜಾರಾಗತ್ತೆ ಮಾವ, ನೀವು ಹೋದ್ರೆ. ಹೋಗ್ಬೇಡಿ ಅಂತ ಹೇಳೋಕೆ ಬಾಯಿ ಬರಲ್ಲ, ಅದಕ್ಕೆ ನಲ್ಲಿ ಮುಚ್ಚಿದೆ," ಎಂದ.

ಬರೆಯಲು ನಾಚಿಕೆ ಏನು, ಕಣ್ಣಲ್ಲಿ ನೀರು ಬಂತು. ಒಳಗಿನಿಂದ ಬರುವ ನೀರಿನ ಬಗ್ಗೆ ಡಾಕ್ಟರು ಏನೂ ಹೇಳಿರಲಿಲ್ಲ. "ಥೂ ನಿನ್ನ, ಇದನ್ನ ಮೊದ್ಲೇ ಹೇಳೋಕಾಗ್ತಿರಲಿಲ್ವೇನೋ? ಬಾಲ್ ಕಾಕ್ ಬೇರೆ ತಂದ್ವಲ್ಲೋ!" ಎಂದೆ.

"ಹಳೇದೂ ಸರಿಯಾಗಿರಲಿಲ್ಲ ಬಿಡಿ," ಎಂದ. ಆಮೇಲೆ ತಾನೇ ಬಗ್ಗಿ ನಲ್ಲಿಯನ್ನು ಪೂರ್ತಿ ತೆರೆದ. "ನಿಮ್ಮನ್ನ ಹೀಗೆ ಕಟ್ಟಿ ಹಾಕಿದ್ದು ತಪ್ಪು. ಹ್ಯಾಗೆ ಅನ್ಸತ್ತೋ ಹಾಗೆ ಮಾಡಿ ಮಾವ. ಆದ್ರೆ ಅವಳಿಗೆ ಮಾತ್ರ ಹೇಳ್ಬೇಡಿ. ಇಷ್ಟು ದಿನ ಸ್ಕೂಲಿಗೆ ಲೇಟಾಗಿದ್ದು ನನ್ನಿಂದ ಅಂತ ಗೊತ್ತಾದ್ರೆ ಮುಂದಿನ ಸೆಟ್ಟು ನನಗೇ ಬೇಕಾಗತ್ತೆ."

ಮಧ್ಯಾಹ್ನವೆಲ್ಲ ಅವನ ಕೋಣೆಯಲ್ಲಿ ಕೂತು ಹಲ್ಲು ಜೋಡಿಸುವುದನ್ನು ನೋಡಿದೆ. ಮಾತೇನೂ ಆಡಲಿಲ್ಲ ಇಬ್ಬರೂ. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಸಂಜೆ ಮಗಳು ಬಂದಳು. ಚಪ್ಪಲಿ ಬಿಟ್ಟು ನೇರ ಟಾಯ್ಲೆಟ್ಟಿಗೆ ಹೋದಳು. ಫ್ಲಶ್ ಆಯಿತು. ನೀರು ಧೋ ಎಂದು ಶುರುವಾಗಿ ಧೋ ಎಂದೇ ತುಂಬಿ ನಿಂತಿತು. ಅವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ತೊಳೆದಿದ್ದಳು, ಕಣ್ಣು ಕೆಂಪಗಿತ್ತು. ಬಾಗಿಲ ಹತ್ತಿರ ಇದ್ದ ಬ್ಯಾಗು ಆಗ ಕಂಡಿತು ಅವಳಿಗೆ.

"ಸರಿಹೋಯ್ತಲ್ಲ," ಎಂದಳು. ಟವೆಲನ್ನು ಹಿಂಡುತ್ತಿದ್ದಳು, ಒಣ ಟವೆಲು. "ಈ ಸಲ ನಿಜವಾಗ್ಲೂ ಸರಿಹೋಗಿದೆ ಅಲ್ವಾ ಅಪ್ಪ? ಬ್ಯಾಗೂ ತುಂಬಿದ್ದೀಯ. ಯಾವಾಗ ಹೊರಡ್ತೀಯ?"

ಅಳಿಯ ತನ್ನ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದ, ಕೈಯಲ್ಲಿ ಯಾರದೋ ಕೆಳಗಿನ ಹಲ್ಲು.

"ಎಲ್ಲಿಗೆ?" ಎಂದು ಕೇಳಿದೆ ನಾನು.

ಜೀವಮಾನವೆಲ್ಲ ಬಸ್ಸಿನಲ್ಲಿ ಸೀಟಿಂದ ಸೀಟಿಗೆ ಇದೊಂದೇ ಮಾತು ಕೇಳಿಕೊಂಡು ಓಡಾಡಿದವನು. ಇವತ್ತು ಅದೇ ಮಾತು ತೀರಾ ಮೆಲ್ಲಗೆ ಬಂತು. ಅವಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಜೋರಾಗಿ ಕೇಳಿದೆ, "ಎಲ್ಲಿಗೆ ಹೊರಡೋದು? ಬ್ಯಾಗಲ್ಲಿರೋದು ಒಗೆಯೋ ಬಟ್ಟೆ."

ಅವಳು ಅಲ್ಲೇ ಕುರ್ಚಿಗೆ ಕುಸಿದು ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸಣ್ಣ ಮಗುವಾಗಿದ್ದಾಗ ಅಳುತ್ತಿದ್ದ ಹಾಗೆ, ಸದ್ದು ಮಾಡಿ. ಅಳಿಯನಿಗೆ ಏನು ಮಾಡಬೇಕೆಂದು ತೋಚದೆ ಆ ಹಲ್ಲನ್ನು ನನ್ನ ಕೈಗೆ ಕೊಟ್ಟು ಅವಳ ಪಕ್ಕ ಹೋಗಿ ನಿಂತ. ನಾನು ಹಲ್ಲು ಹಿಡಿದುಕೊಂಡು ಬ್ಯಾಗು ಎತ್ತಿ ಒಳಗೆ ತಂದೆ.

ನಾಳೆ ಬೆಳಿಗ್ಗೆ ಮೊದಲು ಮನೆಯೊಡತಿಗೆ ಫೋನು ಮಾಡಬೇಕು. ಕೋಣೆ ಖಾಲಿ ಇಟ್ಟುಕೊಂಡು ಕಾಯುತ್ತಿದ್ದಾರೆ, ಪಾಪ, ಒಳ್ಳೇ ಹೆಂಗಸು.